ಆಕಸ್ಮಿಕ ಭಯ ಮತ್ತು ಕಾಯೋತ್ಸರ್ಗ

ಒಂಬತ್ತು ನೋಕಷಾಯಗಳಲ್ಲಿ ಭಯವೂ ಒಂದು. ಆಚಾರ್ಯರು ಅದನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ: ಇಹಲೋಕ, ಪರಲೋಕ, ಅತ್ರಾಣ, ಅಗುಪ್ತಿ, ಮರಣ, ವೇದನಾ ಮತ್ತು ಆಕಸ್ಮಿಕ ಭಯ. ಅಕಸ್ಮಾತ್ತಾಗಿ ಏನು ಬಂದೆರಗುವುದೋ ಎಂಬ ಅಂಜಿಕೆಯೇ ಆಕಸ್ಮಿಕ ಭಯ.

ಜತ್ತ ತಾಲೂಕಿನ ಒಬ್ಬ ದಾಳಿಂಬೆ ಬೆಳೆಗಾರನನ್ನು ಭಾವಿಸಿಕೊಳ್ಳಬಹುದು. ಮಳೆ ಕೈಕೊಟ್ಟಿದೆ, ತೋಟಕ್ಕೆ ಟ್ಯಾಂಕರ್ ನೀರು, ಮೇಲೆ ಸಾಲ. ಬಸದಿಯಲ್ಲಿ ಅಭಿಷೇಕದ ಜನಸಂದಣಿಯ ನಡುವೆ ನಿಂತಿದ್ದಾಗ ಹಠಾತ್ತನೆ ಎದೆ ಬಡಿದುಕೊಳ್ಳುವುದು, ಉಸಿರು ಕಟ್ಟುವುದು, ಕೈಕಾಲು ನಡುಗಿ ಬೆವರುವುದು. ಈಗಲೇ ಪ್ರಾಣ ಹೋಯಿತೆಂದು ಅನಿಸುವುದು. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುವರು. ಅಪಾಯವಿಲ್ಲದಿದ್ದರೂ ದೇಹವು ಅಪಾಯದ ಕರೆಗಂಟೆ ಬಾರಿಸಿ ಅಡ್ರಿನಲಿನ್ ಸುರಿಸುವುದೇ ಇದರ ಕಾರಣ. ಸಾಮಾನ್ಯವಾಗಿ 10 ನಿಮಿಷದೊಳಗೆ ಅದು ತುದಿಗೇರಿ ತಾನಾಗಿಯೇ ಇಳಿಯುವುದು. ಆದರೂ ಮೊದಲ ಬಾರಿ ಹೀಗಾದಾಗ ಇಸಿಜಿ ಮಾಡಿಸಿ ಹೃದಯದ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅವಶ್ಯ.

ನಿಜವಾದ ಕಷ್ಟ ಅನಂತರದ್ದು. ಅದು ಮತ್ತೆ ಬಂದೀತೆಂಬ ಅಂಜಿಕೆಗೆ ಈ ಗಡಿಭಾಗದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದೇ ಶಬ್ದವಿದೆ: ಧಾಸ್ತಿ. ಧಾಸ್ತಿ ಹಿಡಿದವನು ಮೊದಲು ಬಸದಿಯ ಜನಸಂದಣಿಯನ್ನು, ಬಳಿಕ ಸಂತೆಯನ್ನು, ಕೊನೆಗೆ ಬಸ್ ಪ್ರಯಾಣವನ್ನೂ ಬಿಡುವನು. ಬಿಟ್ಟಷ್ಟೂ ಭಯ ಬೆಳೆಯುವುದು. ಏಕೆಂದರೆ ಅಲ್ಲಿ ನಿಂತಿದ್ದರೂ ಏನೂ ಆಗದೆಂಬುದನ್ನು ಮನಸ್ಸು ಕಲಿಯುವ ಅವಕಾಶವೇ ತಪ್ಪುವುದು. ಆದ್ದರಿಂದ ತೊರೆದ ಸ್ಥಳಗಳಿಗೆ ಸ್ವಲ್ಪ ಸ್ವಲ್ಪವಾಗಿ ಮರಳುವುದೇ ಚಿಕಿತ್ಸೆಯ ತಿರುಳು. ಮೊದಲ ದಿನ ಜನ ಕಡಿಮೆಯಿರುವ ವೇಳೆಯಲ್ಲಿ ಬಾಗಿಲ ಬಳಿ ನಿಂತರೂ ಸಾಕು.

ಇಲ್ಲಿ ಕಾಯೋತ್ಸರ್ಗವು ಸಹಾಯಕ. ಒಂದು ಣಮೋಕಾರಕ್ಕೆ ಮೂರು ಉಚ್ಛ್ವಾಸ, ಒಂಬತ್ತಕ್ಕೆ 27 ಎಂಬುದು ಪರಂಪರೆಯ ಲೆಕ್ಕ. ಅವಸರದ ಉಸಿರಾಟವೇ ತಲೆಸುತ್ತು, ಕೈ ಜೋಮುಗಳನ್ನು ಹೆಚ್ಚಿಸುವುದರಿಂದ, ನಿಧಾನವಾಗಿ ಎಣಿಸುವ ಉಸಿರು ಅವುಗಳನ್ನು ತಗ್ಗಿಸುವುದು. ಬಡಿಯುವ ಎದೆಯನ್ನು ತಡೆಯಲು ಹೋಗದೆ, ದೇಹದ ಮಮತ್ವವನ್ನು ಬಿಟ್ಟು ಅದನ್ನು ನೋಡುತ್ತ ನಿಲ್ಲುವುದೇ ಅದರ ಅರ್ಥವೂ ಆಗಿದೆ. ಭಯವನ್ನು ಓಡಿಸುವ ತಾಯಿತದಂತೆ ಮಾತ್ರ ಅದನ್ನು ಬಳಸಬಾರದು.

ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ‘ಸಮಯಸಾರ’ ಹೇಳುವುದನ್ನು ಹಿಡಿದು, ಅಂಜಿದವನಿಗೆ ಶ್ರದ್ಧೆಯಿಲ್ಲವೆಂದು ಮನೆಮಂದಿ ಹಳಿಯುವುದುಂಟು. ಇದು ಅನ್ಯಾಯ. ಭಯ ನೋಕಷಾಯದ ಉದಯವು ಎಂಟನೆಯ ಗುಣಸ್ಥಾನದವರೆಗೂ ಇರುವುದು. ಶ್ರಾವಕನಾದರೋ ಐದನೆಯದನ್ನು ದಾಟಿದವನಲ್ಲ. ಕರ್ಮೋದಯವೆಂದು ಔಷಧ ಬಿಡುವುದೂ ಯುಕ್ತವಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೂ ಅಭಯದಾನಕ್ಕೂ ಸ್ಥಾನವಿದೆಯಷ್ಟೆ.

ವೈದ್ಯರು ಕೊಡುವ ಮಾತ್ರೆಗಳು ಪೂರ್ಣ ಗುಣ ತೋರಲು ಕೆಲವು ವಾರಗಳು ಬೇಕು, ತಾವಾಗಿಯೇ ನಿಲ್ಲಿಸಬಾರದು. ದಶಲಕ್ಷಣ ಪರ್ವದ ಉಪವಾಸಕ್ಕೆ ಮುನ್ನ ಅವರನ್ನು ಕೇಳುವುದು ಒಳ್ಳೆಯದು, ಏಕೆಂದರೆ ನಿರ್ಜಲ ಉಪವಾಸದ ನಿಶ್ಶಕ್ತಿ, ತಲೆಸುತ್ತುಗಳೇ ಧಾಸ್ತಿಯನ್ನು ಕೆರಳಿಸಬಲ್ಲವು. ಅತಿಯಾದ ಚಹಾ, ಕಾಫಿಯೂ ಹಾಗೆಯೇ. ಮನೋವೈದ್ಯರು ದೂರವಿರುವ ಹಳ್ಳಿಗಳವರಿಗೆ, 10 ಅಕ್ಟೋಬರ್ 2022ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ 14416 ಇದೆ. ಅಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು.