ಲೇತಿನ ಕ್ಯಾರೇಜಿಗೆ ತಾನೇ ಕಳಚುವ ತಡೆ

ಪಂಪಿನ ಶಾಫ್ಟು ಸವೆದರೆ ಹಿಂದೆ ಅದನ್ನು ಹೊತ್ತುಕೊಂಡು ಪೇಟೆಗೆ ಹೋಗಬೇಕಾಗಿತ್ತು. ಈಗ ಕೆಲವು ಹಳ್ಳಿಗಳಲ್ಲಿ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಚಿಕ್ಕ ಲೇತನ್ನು ಇಟ್ಟುಕೊಂಡಿರುವ ತರುಣರಿದ್ದಾರೆ. ಅವರಿಗೂ, ಅವರಲ್ಲಿ ಕೆಲಸ ಮಾಡಿಸುವ ರೈತ ಬಾಂಧವರಿಗೂ ಪ್ರಯೋಜನವಾಗುವ ಒಂದು ಸಲಕರಣೆಯ ವಿಚಾರವನ್ನು ಇಲ್ಲಿ ತಿಳಿಸಿದೆ. ಇದಕ್ಕೆ ಬೇಕಾದ ಸಾಮಾನು ಬಹುಮಟ್ಟಿಗೆ ಗುಜರಿಯ ಬುಟ್ಟಿಯಲ್ಲಿಯೇ ಸಿಕ್ಕುತ್ತದೆ.

ಲೇತಿನಲ್ಲಿ ಚಕ್ಕು ಶಾಫ್ಟನ್ನು ಹಿಡಿದು ತಿರುಗಿಸುತ್ತದೆ. ಕೊರೆಯುವ ಟೂಲು ಕ್ಯಾರೇಜಿನ ಮೇಲೆ ಕುಳಿತಿರುತ್ತದೆ. ಬೆಡ್ಡಿನ ಉದ್ದಕ್ಕೂ ಇರುವ ತಿರುಪಿನ ಸಲಾಕೆಯೇ ಲೀಡ್ ಸ್ಕ್ರೂ. ಹಿಡಿಯನ್ನು ಒತ್ತಿದರೆ ಹಾಫ್ ನಟ್ಟು ಆ ಸಲಾಕೆಯನ್ನು ಕಚ್ಚಿ ಹಿಡಿಯುತ್ತದೆ, ಕ್ಯಾರೇಜು ತಾನಾಗಿ ಚಕ್ಕಿನ ಕಡೆಗೆ ಹೊರಡುತ್ತದೆ. ಹೊರಟದ್ದನ್ನು ನಿಲ್ಲಿಸುವುದು ಮಾತ್ರ ಮನುಷ್ಯನ ಕೈಯಲ್ಲಿದೆ. ತೊಂದರೆ ಇರುವುದು ಅಲ್ಲಿಯೇ.

ಲೆಕ್ಕ ಹಾಕಿ ನೋಡಿ. ಸುತ್ತಿಗೆ 0.1 ಮಿ.ಮೀ. ನಡಿಗೆ, ನಿಮಿಷಕ್ಕೆ 400 ಸುತ್ತು. ಎಂದರೆ ಕ್ಯಾರೇಜು ನಿಮಿಷಕ್ಕೆ 40 ಮಿ.ಮೀ. ಸಾಗುತ್ತದೆ. 6205 ನಂಬರಿನ ಬೇರಿಂಗಿನ ಅಗಲ 15 ಮಿ.ಮೀ. ಅದು ಕೂರುವ ಜಾಗವನ್ನು ಕೊರೆಯಲು ಸುಮಾರು 22 ಸೆಕೆಂಡು ಸಾಕು. ಒಬ್ಬರು ಬಂದು ಕುಶಲ ಕೇಳುವಷ್ಟು ಹೊತ್ತು! ಮೆಟ್ಟಿಲು ಒಂದು ಮಿ.ಮೀ. ಹೆಚ್ಚು ಉದ್ದವಾದರೆ ಬೇರಿಂಗು ಒಳಕ್ಕೆ ಸರಿಯುತ್ತದೆ, ಶಾಫ್ಟಿನ ಸ್ಥಾನ ತಪ್ಪುತ್ತದೆ, ಪಂಪಿನೊಳಗೆ ಇಂಪೆಲ್ಲರು ಹೋಗಿ ಗೋಡೆಗೆ ಉಜ್ಜುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಒಂದು ಸಂಜೆ ನೆರೆಯವರ ಪಂಪಿನ ಶಾಫ್ಟನ್ನು ಕೊರೆಯುತ್ತಿದ್ದೆ. ಬಾಗಿಲಲ್ಲಿ ಯಾರೋ ಹೆಸರು ಹಿಡಿದು ಕೂಗಿದರು. “ಬಂದೆ” ಎಂದು ತಿರುಗಿದ್ದಷ್ಟೇ. ಟೂಲು ಹಿಡಿಯುವ ಕಂಬ ಚಕ್ಕಿನ ದವಡೆಗೆ ಬಡಿಯಿತು. ಟೂಲು ಮುರಿದು ಚೂರು ಗೋಡೆಗೆ ಹಾರಿತು, ಶಾಫ್ಟು ಬಾಗಿತು, ಹಾಫ್ ನಟ್ಟಿನ ಎರಡು ಹಲ್ಲು ಕಿತ್ತುಹೋದವು. ಆ ಚೂರು ಕಣ್ಣಿಗೆ ಬರಲಿಲ್ಲವೆಂಬುದು ನನ್ನ ಪುಣ್ಯ. ನೆರೆಯವರ ಗದ್ದೆಗೆ ಮಾತ್ರ ನಾಲ್ಕು ದಿನ ನೀರಿಲ್ಲ. ಹಾಫ್ ನಟ್ಟು ತರುವುದೂ ಸುಲಭವಾಗಲಿಲ್ಲ. ನನ್ನದು ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತು. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಕಂಚಿನಲ್ಲಿ ಹೊಸದಾಗಿ ಮಾಡಿಸಿ ಹಾಕಬೇಕಾಯಿತು.

ಬೆಡ್ಡಿಗೆ ಒಂದು ಗಟ್ಟಿ ಗೂಟವನ್ನು ಬಿಗಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕೈಯಿಂದ ನಡೆಸುವಾಗ ಸಾಕು. ಲೀಡ್ ಸ್ಕ್ರೂ ಎಳೆಯುತ್ತಿರುವಾಗ ಗಟ್ಟಿ ಗೂಟ ಅಡ್ಡ ಬಂದರೆ ಎಳೆತ ನಿಲ್ಲುವುದಿಲ್ಲ, ಯಾವುದೋ ಒಂದು ಭಾಗ ಮುರಿದೇ ತೀರುತ್ತದೆ. ಆದ್ದರಿಂದ ತಡೆಯುವುದಕ್ಕಿಂತ ಎಳೆತವನ್ನು ಕಳಚುವುದೇ ಸರಿಯಾದ ಉಪಾಯ. ಹಿಂದಿನ ಕಪಿಲೆಯನ್ನು ಕಂಡವರಿಗೆ ಇದು ಹೊಸದಲ್ಲ. ಚರ್ಮದ ಚೀಲ ಬಾವಿಯ ಬಾಯಿಗೆ ಬಂದೊಡನೆ ಅದರ ಸೊಂಡಿಲು ತಾನೇ ಚಾಚಿಕೊಂಡು ನೀರನ್ನು ಸುರಿಯುತ್ತಿತ್ತು. ಬಾವಿಯ ಬಳಿ ಯಾರೂ ನಿಲ್ಲಬೇಕಾಗಿರಲಿಲ್ಲ.

ಮಾಡುವ ಕ್ರಮ ಹೀಗೆ. ಹಾಫ್ ನಟ್ಟಿನ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಕಚ್ಚುತ್ತದೆ, ಮೇಲಕ್ಕೆತ್ತಿದರೆ ಬಿಡುತ್ತದೆ ಎಂದು ಇಟ್ಟುಕೊಳ್ಳಿ. (ಕೆಲವು ಲೇತುಗಳಲ್ಲಿ ತಿರುಗುಮುರುಗು, ಮೊದಲು ನೋಡಿಕೊಳ್ಳಿ.) ಹಿಡಿಯನ್ನು ಸದಾ ಮೇಲಕ್ಕೆಳೆಯುವಂತೆ ಒಂದು ಬಲವಾದ ಸ್ಪ್ರಿಂಗನ್ನು ಕಟ್ಟಬೇಕು. ಹಿಡಿಗೆ ಒಂದು ಮೊಳೆಯನ್ನು ಕೂರಿಸಿ, ಕಚ್ಚಿದ ಸ್ಥಿತಿಯಲ್ಲಿ ಆ ಮೊಳೆಯನ್ನು ಹಿಡಿದಿಡಲು 25 × 6 ಮಿ.ಮೀ. ಪಟ್ಟಿಯಿಂದ ಗೇಣಿಗಿಂತ ಗಿಡ್ಡದಾದ ಒಂದು ಕೊಕ್ಕೆಯನ್ನು ಮಾಡಿ, ನಡುವೆ ಬೋಲ್ಟಿನ ಮೇಲೆ ಏತದಂತೆ ಆಡುವ ಹಾಗೆ ಕ್ಯಾರೇಜಿನ ಮುಂಭಾಗಕ್ಕೆ ಕೂರಿಸಬೇಕು. ಕೊಕ್ಕೆ ತನ್ನಷ್ಟಕ್ಕೆ ಜಾರದಂತೆ ಅದಕ್ಕೂ ಒಂದು ಸಣ್ಣ ಸ್ಪ್ರಿಂಗು ಬೇಕು. ಕೊಕ್ಕೆಯ ಇನ್ನೊಂದು ತುದಿಯಿಂದ ಒಂದು ಕಡ್ಡಿ ಚಕ್ಕಿನ ಕಡೆಗೆ ಚಾಚಿರಲಿ. ಅದು ಕ್ಯಾರೇಜಿನ ಅಂಚಿಗಿಂತ 10–15 ಮಿ.ಮೀ. ಮುಂದಿರಬೇಕು. ಕಡ್ಡಿ ಹೋಗಿ ತಡೆಗೂಟಕ್ಕೆ ತಾಗಿದೊಡನೆ ಕೊಕ್ಕೆ ಹೊರಳುತ್ತದೆ, ಹಿಡಿ ಮೇಲಕ್ಕೆ ಹಾರುತ್ತದೆ, ಕ್ಯಾರೇಜು ನಿಲ್ಲುತ್ತದೆ.

ಕ್ಯಾರೇಜಿನ ಮುಂಭಾಗದ ಹಿಂದೆ ಗೇರುಗಳಿರುತ್ತವೆ. ಅದನ್ನು ಬಿಚ್ಚಿ ಒಳಗನ್ನು ನೋಡದೆ ತೂತು ಕೊರೆಯಕೂಡದು.

ಇಡೀ ಕೆಲಸದ ಜೀವ ಕೊಕ್ಕೆಯ ಮೂಗಿನಲ್ಲಿದೆ. ಮೂಗು ಮೊಳೆಯನ್ನು 2 ಮಿ.ಮೀ. ಹಿಡಿದಿದ್ದರೆ ಸಾಕು. ಹೆಚ್ಚಾದರೆ ತಡವಾಗಿ ಬಿಡುತ್ತದೆ, ಕಡಿಮೆಯಾದರೆ ಲೇತಿನ ಅದುರಿಗೆ ನಡುದಾರಿಯಲ್ಲೇ ಕಳಚಿಕೊಳ್ಳುತ್ತದೆ. ಮೂಗನ್ನು ಚಪ್ಪಟೆಯಾಗಿ ಅರದಿಂದ ಉಜ್ಜಿ, ನುಣುಪು ಮಾಡಿ, ಎಣ್ಣೆ ಹಚ್ಚಿ. ಹೆಚ್ಚು ಆಳದ ಕೊರೆತದಲ್ಲಿ ಹಾಫ್ ನಟ್ಟು ಬಿಗಿದುಕೊಂಡು ಸ್ಪ್ರಿಂಗಿಗೆ ಬಗ್ಗದಿರಬಹುದು. ಕೊನೆಯ ಕೊರೆತ ತೆಳ್ಳಗಿರಲಿ.

ತಡೆಗೂಟಕ್ಕೆ ಒಂದು ಉಕ್ಕಿನ ತುಂಡು, ಕೆಳಗೆ ಒಂದು ಪಟ್ಟಿ, ಬಿಗಿಯಲು ಒಂದು ಬೋಲ್ಟು. ಬೆಡ್ಡಿಗೆ ಗಾಯವಾಗದಂತೆ ನಡುವೆ ಹಿತ್ತಾಳೆಯ ತಗಡನ್ನಿಡಿ. ಕಡ್ಡಿಗೆ ಎದುರಾಗಿ 6 ಮಿ.ಮೀ. ಬೋಲ್ಟನ್ನು ಹಾಕಿದರೆ, ಅದರ ಸಾಮಾನ್ಯ ಮರೆಯ ಅಂತರ 1 ಮಿ.ಮೀ. ಆದ್ದರಿಂದ, ಕಾಲು ಸುತ್ತಿಗೆ ಕಾಲು ಮಿ.ಮೀ. ಹೊಂದಿಸಬಹುದು. ಗೂಟವನ್ನು ಅತಿಯಾಗಿ ಬಿಗಿಯಬೇಡಿ. ಅಕಸ್ಮಾತ್ ಕೊಕ್ಕೆ ಸಿಕ್ಕಿಕೊಂಡರೆ ಗೂಟ ಜಾರಲಿ, ಲೇತು ಉಳಿಯಲಿ.

ಮೊದಲು ಮೋಟಾರನ್ನು ಆರಿಸಿ, ಕ್ಯಾರೇಜನ್ನು ಸುಮ್ಮನೆ ಬಿಟ್ಟು, ಕಡ್ಡಿಯನ್ನು ಬೆರಳಿನಿಂದ ತಳ್ಳಿ ನೋಡಿ. ಆಮೇಲೆ ಗೂಟವನ್ನು ಚಕ್ಕಿನಿಂದ ಒಂದು ಗೇಣು ದೂರವಿಟ್ಟು, ಶಾಫ್ಟಿಲ್ಲದೆ, ಅತಿ ನಿಧಾನದ ವೇಗದಲ್ಲಿ ಹತ್ತು ಸಲ ಓಡಿಸಿ. ಹತ್ತು ಸಲವೂ ಕಳಚಿದರೆ ಮಾತ್ರ ಕೆಲಸಕ್ಕೆ ಹಾಕಿ. ಆಗಲೂ ಮೆಟ್ಟಿಲಿಗೆ ಅರ್ಧ ಮಿ.ಮೀ. ಮೊದಲೇ ಬಿಡುವಂತೆ ಹೊಂದಿಸಿ, ಉಳಿದದ್ದನ್ನು ಕೈಯಿಂದ ಮುಗಿಸುವುದು ಲೇಸು.

ಮರೆ ಕೊರೆಯುವಾಗ ಇದನ್ನು ನೆಚ್ಚಬೇಡಿ. 1.5 ಮಿ.ಮೀ. ಮರೆಯನ್ನು ನಿಮಿಷಕ್ಕೆ 100 ಸುತ್ತಿನಲ್ಲಿ ಕೊರೆದರೆ ಕ್ಯಾರೇಜು ಸೆಕೆಂಡಿಗೆ 2.5 ಮಿ.ಮೀ. ಓಡುತ್ತದೆ. ಜೊತೆಗೆ, ಇಂಚಿನ ಲೀಡ್ ಸ್ಕ್ರೂ ಇರುವ ಹಳೆಯ ಲೇತಿನಲ್ಲಿ ಮಿ.ಮೀ. ಮರೆಯನ್ನು ಕೊರೆಯುವಾಗ ಹಾಫ್ ನಟ್ಟನ್ನು ಬಿಟ್ಟರೆ ಮತ್ತೆ ಅದೇ ಗೆರೆಗೆ ಸುಲಭವಾಗಿ ಸೇರದು.

ಈ ತಡೆ ಕ್ಯಾರೇಜನ್ನು ನಿಲ್ಲಿಸುತ್ತದೆಯೇ ಹೊರತು ಚಕ್ಕನ್ನಲ್ಲ. ಹೆಗಲ ಮೇಲಿನ ಟವೆಲು, ಪಂಚೆಯ ತುದಿ, ಸಡಿಲ ತೋಳು ಇವು ಮೊದಲಿನಂತೆಯೇ ದೂರವಿರಬೇಕು. ಪ್ರತಿದಿನ ಕೆಲಸಕ್ಕೆ ಮೊದಲು ಕೊಕ್ಕೆಯ ಸಂದಿನಲ್ಲಿರುವ ಕಬ್ಬಿಣದ ಸಿಬರನ್ನು ಬ್ರಷ್ಷಿನಿಂದ ತೆಗೆದು, ಒಂದು ಸಲ ಕಳಚಿ ನೋಡಿ ಆಮೇಲೆ ಮೋಟಾರು ಹಾಕಿ.