ಲಕ್ವ ಹೊಡೆದ ಕೈಯ ಬಿಗಿತವನ್ನು ಅಳೆಯುವ ಬಗೆ



ಪಾರ್ಶ್ವವಾಯು, ಎಂದರೆ ನಾವು ಲಕ್ವವೆನ್ನುವ ಬೇನೆ, ಬಡಿದ ಮೊದಲ ದಿನಗಳಲ್ಲಿ ಕೈ ಸಾಮಾನ್ಯವಾಗಿ ಸಡಿಲವಾಗಿ ಜೋತುಬಿದ್ದಿರುತ್ತದೆ. ಕೆಲವು ವಾರಗಳಾದ ಮೇಲೆ ಹಲವರಲ್ಲಿ ಅದೇ ಕೈ ಮಡಿಸಿಕೊಂಡು ಎದೆಗೆ ಅಂಟುತ್ತದೆ, ಮುಷ್ಟಿ ಬಿಗಿಯುತ್ತದೆ. ಕೈಗೆ ಕಸುವು ಬಂತೆಂದು ಮನೆಯವರು ಹಿಗ್ಗುವುದುಂಟು. ಇದು ಕಸುವಲ್ಲ. ಹಾಗೆಯೇ ಬಿಟ್ಟರೆ ಉಗುರು ಅಂಗೈಗೆ ನೆಟ್ಟು ಹುಣ್ಣಾಗುತ್ತದೆ, ಅಂಗಿ ತೊಡಿಸುವುದೂ ಕಷ್ಟವಾಗುತ್ತದೆ.

ಈ ಬಿಗಿತದಲ್ಲಿ ಎರಡು ಜಾತಿ. ಒಂದು ನರದ ಬಿಗಿತ. ವೈದ್ಯರು ಮಂಡಿಚಿಪ್ಪಿನ ಕೆಳಗೆ ರಬ್ಬರು ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಮುಂದಕ್ಕೆ ಚಿಮ್ಮುವುದನ್ನು ನೀವು ನೋಡಿರಬಹುದು. ತಟ್ಟಿದೊಡನೆ ತೊಡೆಯ ಸ್ನಾಯು ಕೊಂಚ ಜಗ್ಗುತ್ತದೆ. ಆ ಸುದ್ದಿ ಬೆನ್ನುಹುರಿಗೆ ಹೋಗಿ, ಮೆದುಳಿನ ಅಪ್ಪಣೆಗೂ ಕಾಯದೆ, ಕುಗ್ಗೆಂಬ ಆಜ್ಞೆ ಹಿಂದಿರುಗುತ್ತದೆ. ಇದನ್ನು ಪ್ರತಿವರ್ತನೆ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಇದರ ಮೂಗುದಾರ ಮೆದುಳಿನ ಕೈಯಲ್ಲಿರುತ್ತದೆ; ಲಕ್ವದಲ್ಲಿ ಅದು ಜಾರುತ್ತದೆ. ಆಗ ಸ್ನಾಯುವನ್ನು ಎಷ್ಟು ರಭಸದಿಂದ ಜಗ್ಗಿದರೆ ಅಷ್ಟು ಸೆಟೆಯುತ್ತದೆ.

ಇನ್ನೊಂದು ಸ್ನಾಯು, ಕೀಲುಗಳದೇ ಬಿಗಿತ. ನೆನೆದ ತೊಗಲಿನ ಹಗ್ಗವನ್ನು ಮಡಿಸಿಟ್ಟರೆ ಅದು ಮಡಿಸಿದಂತೆಯೇ ಒಣಗಿ ಗಡುಸಾಗುವುದಿಲ್ಲವೇ? ಬಹುಕಾಲ ಮಡಿಸಿಯೇ ಇದ್ದ ಸ್ನಾಯುವೂ ಗಿಡ್ಡವಾಗುತ್ತದೆ. ಇದಕ್ಕೆ ವೇಗದ ಲೆಕ್ಕವಿಲ್ಲ. ಮೆಲ್ಲಗೆ ಎಳೆದರೂ ಬಿಡಿಸದು.

ಇವೆರಡನ್ನು ಬೇರ್ಪಡಿಸುವ ಒಂದು ಸರಳ ಪರೀಕ್ಷೆಗೆ ಫ್ರಾನ್ಸ್ ದೇಶದ ಟಾರ್ಡ್ಯೂ ಎಂಬ ವೈದ್ಯರ ಹೆಸರಿದೆ. ಅವರು 1954ರಲ್ಲಿ ಈ ವಿಷಯವಾಗಿ ಬರೆದರು. ಕೀಲನ್ನು ಮೊದಲು ಅತಿ ಮೆಲ್ಲಗೆ, ಆಮೇಲೆ ರಭಸದಿಂದ ಬಿಡಿಸಿ, ಎರಡು ಸಲವೂ ಕೋನ ಅಳೆಯುವುದು. ನೀಟಾದ ತೋಳು 180 ಡಿಗ್ರಿ, ಮೂಲೆಮಟ್ಟದಂತೆ ಮಡಿಸಿದ್ದು 90 ಎಂದಿಟ್ಟುಕೊಳ್ಳಿ. ಮೆಲ್ಲಗೆ ಬಿಡಿಸಿದಾಗ 160ರವರೆಗೆ ಹೋದ ತೋಳು ರಭಸದಲ್ಲಿ 100ಕ್ಕೇ ತಡೆದರೆ, ನಡುವಿನ 60 ಡಿಗ್ರಿ ನರದ ಕೆಲಸ. ಎರಡು ಸಲವೂ 110ರ ಹತ್ತಿರವೇ ನಿಂತರೆ ಸ್ನಾಯು ಗಿಡ್ಡವಾಗಿದೆಯೆಂದು ಅರ್ಥ. ರಭಸದ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಕೂಡದು. ಅದು ಕಲಿತವರ ಕೆಲಸ.

ಆಸ್ಪತ್ರೆಯ ಚೀಟಿಯಲ್ಲಿ ಆಶ್‌ವರ್ತ್ ಎಂಬ ಹೆಸರೂ 0ಯಿಂದ 4ರವರೆಗಿನ ಅಂಕವೂ ಕಾಣಬಹುದು. 1964ರಲ್ಲಿ ಹೊರಟ ಈ ಅಳತೆಯನ್ನು 1987ರಲ್ಲಿ ತಿದ್ದಿದರು. 0 ಎಂದರೆ ಬಿಗಿತವಿಲ್ಲ, 4 ಎಂದರೆ ಕೀಲು ಕದಲದು. ಬಳಕೆಗೆ ಸುಲಭ, ಆದರೆ ಬಿಗಿತ ಯಾವ ಜಾತಿಯದೆಂದು ಇದೊಂದೇ ಹೇಳಲಾರದು. ಕೆಲವು ದೊಡ್ಡ ಸಂಸ್ಥೆಗಳಲ್ಲಿ ಯಂತ್ರವೇ ಗೊತ್ತಾದ ವೇಗದಲ್ಲಿ ಕೀಲನ್ನು ಆಡಿಸುತ್ತದೆ. ಚರ್ಮಕ್ಕೆ ಅಂಟಿಸಿದ ಬಿಲ್ಲೆಗಳು ಸ್ನಾಯುವಿನ ವಿದ್ಯುತ್ತನ್ನು ದಾಖಲಿಸುತ್ತವೆ.

ಇಷ್ಟೆಲ್ಲ ಏಕೆಂದರೆ, ಚಿಕಿತ್ಸೆ ಬೇರೆ ಬೇರೆ. ನರದ ಬಿಗಿತಕ್ಕೆ ಬ್ಯಾಕ್ಲೋಫೆನ್ ಮಾತ್ರೆ, ಸ್ನಾಯುವಿಗೇ ಕೊಡುವ ಬೊಟುಲಿನಮ್ ಚುಚ್ಚುಮದ್ದು ಇವೆ. ಗಿಡ್ಡವಾದ ಸ್ನಾಯುವನ್ನು ಇವು ಉದ್ದ ಮಾಡಲಾರವು. ಅದಕ್ಕೆ ಕಟ್ಟುಪಟ್ಟಿಯೋ, ತೀರ ಕೆಟ್ಟಿದ್ದರೆ ಶಸ್ತ್ರಕ್ರಿಯೆಯೋ ಬೇಕಾದೀತು. ಬಲವಂತವಾಗಿ ಎಳೆದು ತಿಕ್ಕಿದರೆ ಗುಣಕ್ಕಿಂತ ನೋವೇ ಹೆಚ್ಚು.

ಮನೆಯವರು ಮಾಡಬಹುದಾದದ್ದು ಇಷ್ಟು. ರೋಗಿಯನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗಬೇಡಿ. ಭುಜದ ಕೀಲು ಜಾರುತ್ತದೆ. ಮಲಗಿದಾಗ ಆ ಕೈಯ ಅಡಿ ದಿಂಬಿಟ್ಟು, ಬೆರಳು ಬಿಚ್ಚಿಡಿ. ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಅದೇ ಭಂಗಿಯಲ್ಲಿ ಕೈಯನ್ನು ನೋವಾಗದಂತೆ ಮೆಲ್ಲಗೆ ಬಿಡಿಸಿ, ಎಲ್ಲಿಯವರೆಗೆ ಬಂತೆಂದು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಗುರುತು ಹಾಕಿ, ಆಸ್ಪತ್ರೆಗೆ ಹೋಗುವಾಗ ಒಯ್ಯಿರಿ. ಬಿಗಿತ ಒಮ್ಮೆಲೇ ಹೆಚ್ಚಿತೆಂದರೆ ಕೈಯನ್ನಷ್ಟೇ ನೋಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು ಇವೂ ಅದನ್ನು ಕೆರಳಿಸುತ್ತವೆ. ಆರೋಗ್ಯ ಕೇಂದ್ರದಲ್ಲಿ ಅದನ್ನೂ ಪರೀಕ್ಷಿಸಲು ಹೇಳಿ.