ಗೆಳತಿಯ ಊರಿಗೆ ಎರಡು ದಿನ

ಲಂಡನ್ನಿನಲ್ಲಿ ಓದುವ ನಮ್ಮ ಕಡೆಯ ಹುಡುಗಿ ಒಬ್ಬಳು ಶನಿವಾರ, ಭಾನುವಾರ ರಜಾ ಅಂತ ಪ್ಯಾರಿಸ್ಸಿಗೆ ಹೊರಟಳು. ಅಲ್ಲಿ ಅವಳ ಗೆಳತಿ ಇದ್ದಾಳೆ. ಪ್ಯಾರಿಸ್ ಬೇರೆ ದೇಶ. ಫ್ರಾನ್ಸಿನ ರಾಜಧಾನಿ. ಪಾಸ್‌ಪೋರ್ಟ್ ಬೇಕು, ವೀಸಾನೂ ಬೇಕು. ಲಂಡನ್ನಿನಲ್ಲಿ ರೈಲು ಹತ್ತುವ ಮೊದಲೇ ಫ್ರಾನ್ಸಿನ ಪೊಲೀಸರು ಅವನ್ನು ನೋಡುತ್ತಾರೆ.

ನಡುವೆ ಸಮುದ್ರ ಇದೆಯಲ್ಲ, ರೈಲು ಹೇಗೆ ಹೋಗುತ್ತೆ ಅಂತೀರಾ? ಸಮುದ್ರದ ತಳದ ಕೆಳಗೆ ಸುರಂಗ ಕೊರೆದಿದ್ದಾರೆ. ಉದ್ದ ಸುಮಾರು 50 ಕಿಲೋಮೀಟರು. ಅದನ್ನು 1994ರಲ್ಲಿ ತೆರೆದರು. ಕಿಟಕಿಯಲ್ಲಿ ಮೀನು ಕಾಣುತ್ತೆ ಅಂದುಕೊಳ್ಳಬೇಡಿ. ಬರೀ ಕತ್ತಲೆ!

'ಮೆಟ್ರೋ ರೈಲು ಇಳಿದು ಮೇಲೆ ಬಾ, ನಿಂತಿರ್ತೀನಿ' ಅಂತ ಗೆಳತಿ ಹೇಳಿದ್ದಳು. ಆದರೆ ಮೇಲೆ ಹೋಗುವ ದಾರಿ ಯಾವುದು? ಫೋನಿನ ಚಾರ್ಜು ಮುಗಿದಿತ್ತು. ಬೋರ್ಡುಗಳೆಲ್ಲ ಫ್ರೆಂಚ್ ಭಾಷೆಯಲ್ಲಿ. ಅಕ್ಷರ ಇಂಗ್ಲಿಷಿನವೇ. ಕೂಡಿಸಿ ಕೂಡಿಸಿ ಓದಿದಳು. ಅರ್ಥ ಆಗಲಿಲ್ಲ. ಇವಳು ಎಂ.ಎ. ಓದುವವಳು ನೋಡಿ! ಕೊನೆಗೆ ನಾಚಿಕೆ ಬಿಟ್ಟು ಒಬ್ಬ ಅಜ್ಜಿಯನ್ನು ಕೇಳಿದಳು. ಅಜ್ಜಿ ಒಂದು ಬೋರ್ಡು ತೋರಿಸಿದರು. 'ಸೋರ್ತಿ' ಎಂದು ಬರೆದಿತ್ತು. ಅಂದರೆ ಹೊರಗೆ ಹೋಗುವ ದಾರಿ. ಮರುದಿನ ಆ ಬೋರ್ಡನ್ನು ಅವಳೇ ಹುಡುಕಿ ಓದಿದಳು.

ಲೆಕ್ಕ ಮಾಡಿ: ಪ್ಯಾರಿಸ್ಸಿನ ಗಡಿಯಾರ ಲಂಡನ್ನಿಗಿಂತ 1 ಗಂಟೆ ಮುಂದೆ. ಲಂಡನ್ನಿನಲ್ಲಿ 10 ಗಂಟೆಗೆ ಹೊರಟ ರೈಲು ಎರಡೂವರೆ ಗಂಟೆ ಓಡಿತು. ಇಳಿದಾಗ ಪ್ಯಾರಿಸ್ಸಿನ ಗಡಿಯಾರದಲ್ಲಿ ಎಷ್ಟು ಗಂಟೆ?